ಲಾಂದ್ರದ ನೆತ್ತಿಯನ್ನು ಮೊದಲು ನೋಡಿ
ಆರತಕ್ಷತೆಯ ಮೇಜುಗಳ ಮೇಲಿಡುವ ಗಾಜಿನ ಲಾಂದ್ರಗಳಲ್ಲಿ ನಿಜವಾದ ಮೇಣದ ಬತ್ತಿ ಹಚ್ಚಬಹುದೇ ಎಂದು ಕೇಳಿದ್ದೀರಿ. ಹಚ್ಚಬಹುದು, ಆದರೆ ಬಿಸಿಗಾಳಿ ಹೊರಹೋಗಲು ನೆತ್ತಿಯಲ್ಲಿ ತೂತುಗಳಿರಲೇಬೇಕು. ಇಲ್ಲದಿದ್ದರೆ ಒಳಗೆ ಶಾಖ ಕೂಡಿ ಮೇಣದ ಬತ್ತಿ ಬಾಗುತ್ತದೆ, ಗಾಜೂ ಸೀಳಬಹುದು. ಗಿಡ್ಡ, ದಪ್ಪ ಬತ್ತಿಯನ್ನು ನಟ್ಟನಡುವೆ ಅಲುಗಾಡದಂತೆ ನಿಲ್ಲಿಸಿ, ಅದರ ದಾರವನ್ನು ಸುಮಾರು 6 ಮಿಲಿಮೀಟರಿಗೆ ಕತ್ತರಿಸಿ.

ನನಗೆ ಹೆಚ್ಚು ಭಯವಿರುವುದು ಹಿಡಿಕೆಗೆ ಕಟ್ಟುವ ರಿಬ್ಬನ್ ಮತ್ತು ಒಣಹೂಗಳ ಬಗ್ಗೆ. ಜ್ವಾಲೆ ತಾಗಬೇಕೆಂದೇ ಇಲ್ಲ, ಮೇಲೇರುವ ಬಿಸಿಯೇ ಅವನ್ನು ಹೊತ್ತಿಸಬಲ್ಲದು. ದಯವಿಟ್ಟು ಅವನ್ನು ಬಿಟ್ಟುಬಿಡಿ. ಕಾಗದದ ಲಾಂದ್ರವಾದರೆ ಬ್ಯಾಟರಿ ದೀಪವನ್ನೇ ಇಡಿ.

ಸಭಾಂಗಣದವರು ತೆರೆದ ಜ್ವಾಲೆಗೆ ಒಪ್ಪುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಕೊನೆಯಲ್ಲಿ ಎಲ್ಲವನ್ನೂ ಆರಿಸುವ ಹೊಣೆಯನ್ನು ಯಾರಾದರೊಬ್ಬರಿಗೆ ಹೆಸರು ಹಿಡಿದು ವಹಿಸಿ. ಮದುವೆಯ ಸಡಗರದಲ್ಲಿ ನಿಮಗೆ ಅದು ನೆನಪಾಗುವುದಿಲ್ಲ.