ಕಾಲ್ ಸೆಂಟರ್‌ಗೆ ಸೇರುವ ಮುಂಚೆ ಯಾವ ಸಿನಿಮಾ ನೋಡಲಿ?

ವಾಯ್ಸ್ ಪ್ರಾಸೆಸ್‌ಗೆ, ಅಂದರೆ ಫೋನಿನಲ್ಲಿ ಗ್ರಾಹಕರ ಜೊತೆ ಮಾತಾಡುವ ಕೆಲಸಕ್ಕೆ ಸೇರುತ್ತಿದ್ದೀರಿ, ಗ್ರಾಹಕರನ್ನು ನಿಭಾಯಿಸೋದು ಕಲಿಯಲು ಸಿನಿಮಾ ಹೇಳಿ ಅಂತ ಕೇಳಿದ್ದೀರಿ. ಕಲಿಯೋಕೆ ಅಂತಾದರೆ ಒಂದೂ ನೋಡಬೇಡಿ. ನಾನು ಹಾಗೆ ನೋಡಿ ಕೆಲಸ ಕಳೆದುಕೊಂಡವನು.

2009ರ ಡಿಸೆಂಬರ್‌ನಲ್ಲಿ ‘ರಾಕೆಟ್ ಸಿಂಗ್’ ಬಂತು. ರಣಬೀರ್ ಕಪೂರ್ ಕಂಪ್ಯೂಟರ್ ಮಾರುವ ಹುಡುಗ. ಗ್ರಾಹಕನಿಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕು ಅನ್ನುವ ಹಟದವನು. ಕೆಲಸಕ್ಕಿರುವ ಕಂಪನಿಯೊಳಗೇ ಗುಟ್ಟಾಗಿ ತನ್ನದೊಂದು ಕಂಪನಿ ನಡೆಸುತ್ತಾನೆ. ನಾನು ಆಗ ಅರಸೀಕೆರೆಯಿಂದ ಬಂದು ಎಂಟು ತಿಂಗಳು. ಹೊಸೂರು ರಸ್ತೆಯ ಒಂದು ಬಿಪಿಒದಲ್ಲಿ ರಾತ್ರಿಯಿಡೀ ಅಮೆರಿಕದವರ ಪ್ರಿಂಟರ್ ರಿಪೇರಿ, ಫೋನಿನಲ್ಲೇ. ಎರಡು ಸಲ ನೋಡಿದೆ. ತಲೆಗೇರಿತು.

ಜನವರಿಯಲ್ಲಿ ಓಹಾಯೋದಿಂದ ಒಬ್ಬ ಅಜ್ಜಿ ಫೋನ್ ಮಾಡಿದರು. ಮೊಮ್ಮಗಳ ಫೋಟೋ ಪ್ರಿಂಟ್ ಆಗುತ್ತಿಲ್ಲ. ನಮಗೆ ಒಂದು ಕಾಲ್‌ಗೆ 12 ನಿಮಿಷ, ಆಗಲೇ 40 ದಾಟಿತ್ತು. ಟಿಎಲ್ (ಟೀಮ್ ಲೀಡರ್) ಹಿಂದೆ ಬಂದು ನಿಂತಿದ್ದರು. ಹೊಸ ಇಂಕ್ ಹಾಕಿ ನೋಡಿ, ಸಂಜೆ ನಾನೇ ಫೋನ್ ಮಾಡುತ್ತೇನೆ ಅಂದುಬಿಟ್ಟೆ.

ತಪ್ಪು ಇದಲ್ಲ. ಎಲ್ಲರೂ ಇದೇ ತಪ್ಪು ಅಂದುಕೊಳ್ಳುತ್ತಾರೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಮಾತು ಕೊಟ್ಟಮೇಲೂ ದಾರಿ ಇತ್ತು. ಸ್ಕ್ರೀನಿನಲ್ಲಿ ಕಾಲ್‌ಬ್ಯಾಕ್ ಅಂತ ಒಂದು ಬಟನ್, ಒತ್ತಿದರೆ ಬೇರೆ ಟೀಮಿನವರು ಫೋನ್ ಮಾಡುತ್ತಾರೆ. ಆದರೆ ಎರಡು ದಿನ ಬಿಟ್ಟು. ನಮ್ಮದು ಇನ್‌ಬೌಂಡ್, ಅಂದರೆ ಬರುವ ಕಾಲ್ ಮಾತ್ರ, ನಮ್ಮ ಸೀಟಿನಿಂದ ಹೊರಗೆ ಕಾಲ್ ಹೋಗಲ್ಲ. ಫ್ಲೋರ್‌ನಲ್ಲಿ ಪೆನ್ನು, ಕಾಗದ, ಮೊಬೈಲ್ ಯಾವುದೂ ಇಲ್ಲ. ಗ್ರಾಹಕರ ಒಂದು ಅಂಕಿಯೂ ಆಚೆ ಹೋಗಬಾರದು. ನಾನು ಟ್ರೈನಿಂಗ್ ರೂಮಿನಿಂದ ಬೋರ್ಡ್ ಮಾರ್ಕರ್ ತಂದೆ. ಎಡ ಮುಂಗೈ ಮೇಲೆ ಅಜ್ಜಿಯ ನಂಬರಿನ ಹತ್ತು ಅಂಕಿ ಬರೆದೆ. ಸ್ವೆಟರ್ ತೋಳು ಎಳೆದುಕೊಂಡೆ. ತಪ್ಪು ಅಂದರೆ ಅದು: ಆ ಮಾರ್ಕರ್. ಬಟನ್ ಒತ್ತಿದ್ದರೆ ಅಜ್ಜಿ ಎರಡು ದಿನ ಕಾಯುತ್ತಿದ್ದರು, ಅಷ್ಟೇ ಅಲ್ವಾ?

ಬೆಳಿಗ್ಗೆ ಐದೂವರೆಗೆ ಶಿಫ್ಟ್ ಮುಗಿಯಿತು, ಅಲ್ಲಿ ಆಗ ಸಂಜೆ ಏಳು. ಕ್ಯಾಬ್ ಹತ್ತುವ ಮುಂಚೆ ನನ್ನ ಮೊಬೈಲಿನಿಂದಲೇ ಮಾಡಿದೆ. ತೋಳಿಗೆ ಉಜ್ಜಿ 6 ಯಾವುದು 8 ಯಾವುದು ಗೊತ್ತಾಗದೆ ಮೊದಲು ಯಾರಿಗೋ ಹೋಯಿತು. ಆಮೇಲೆ ಅಜ್ಜಿ ಸಿಕ್ಕರು. ಪಕ್ಕದ ಮನೆ ಹುಡುಗ ಬಂದು ಸರಿಮಾಡಿದ್ದನಂತೆ.

ಮಾರನೇ ದಿನ, ಕಾಲ್ ಹೇಗಿತ್ತು ಅಂತ ಗ್ರಾಹಕರನ್ನು ಕೇಳುವ ಸರ್ವೇಯಲ್ಲಿ ಅಜ್ಜಿ ನನಗೆ ಐದಕ್ಕೆ ಐದು ಕೊಟ್ಟರು. ಕೆಳಗೆ, ಪಾಪದ ಹುಡುಗ ಸ್ವಂತ ಫೋನಿನಿಂದ ಮಾತಾಡಿಸಿದ ಅಂತ ಬರೆದಿದ್ದರು. ಟಿಎಲ್ ಅದನ್ನೇ ಪ್ರಿಂಟ್ ತೆಗೆದು ಎಚ್‌ಆರ್ ಟೇಬಲ್ ಮೇಲೆ ಇಟ್ಟರು. ಸಂಜೆಗೆ ಐಡಿ ಕಾರ್ಡ್ ವಾಪಸ್. (ರಾಕೆಟ್ ಸಿಂಗ್ ಕೂಡ ಸಿಕ್ಕಿಬೀಳುತ್ತಾನೆ. ಎರಡು ಸಲ ನೋಡಿದರೂ ಆ ಭಾಗ ನನ್ನ ತಲೆಗೆ ಹೋಗಿರಲಿಲ್ಲ.)

ಸುಮ್ನೆ ನೋಡೋಕಾದರೆ ಹೇಳುತ್ತೇನೆ. ‘ಔಟ್‌ಸೋರ್ಸ್ಡ್’ (2006) ಅಮೆರಿಕದವನು ಇಲ್ಲಿಗೆ ಬಂದು ಕಾಲ್ ಸೆಂಟರ್ ಹುಡುಗರಿಗೆ ಟ್ರೈನಿಂಗ್ ಕೊಡುವ ಕಥೆ. ಮುದ್ದಾಗಿದೆ, ಜಾಸ್ತಿ ನಂಬಬೇಡಿ. ನಂದಿತಾ ದಾಸ್ ಅವರ ‘ಜ್ವಿಗ್ಯಾಟೊ’ದಲ್ಲಿ ಕಪಿಲ್ ಶರ್ಮಾ ಭುವನೇಶ್ವರದಲ್ಲಿ ಊಟ ಡೆಲಿವರಿ ಮಾಡುತ್ತಾನೆ. ರೇಟಿಂಗ್ ಭಯ ಅಂದರೇನು ಅಂತ ಅದರಲ್ಲಿದೆ. ನನಗೆ ನಿಜ ಅನ್ನಿಸಿದ್ದು ಕೊರಿಯಾದ ‘ನೆಕ್ಸ್ಟ್ ಸೋಹೀ’ (2022). ಕನೆಕ್ಷನ್ ಕ್ಯಾನ್ಸಲ್ ಮಾಡಿ ಅನ್ನುವವರನ್ನು ಹೇಗಾದರೂ ತಡೆಯುವ ಕೆಲಸ ಒಬ್ಬ ಶಾಲಾ ಹುಡುಗಿಗೆ. 2017ರಲ್ಲಿ ನಡೆದ ಘಟನೆಯಿಂದ ಹುಟ್ಟಿದ್ದು, ಆ ಹುಡುಗಿಯ ಕಥೆ ಮುಗಿಯುವುದು ಸಾವಿನಲ್ಲಿ. ಸೇರುವ ಹಿಂದಿನ ರಾತ್ರಿ ಮಾತ್ರ ನೋಡಬೇಡಿ. ಮೂರು ತಿಂಗಳಾದಮೇಲೆ, ವೀಕಾಫ್ (ವಾರದ ರಜೆ) ದಿನ, ಮಧ್ಯಾಹ್ನದ ಹೊತ್ತು ನೋಡಿ.

ಮೊದಲ ದಿನ ಜೇಬಿನಲ್ಲಿ ಪೆನ್ನಿದ್ದರೆ ಗೇಟಿನ ಸೆಕ್ಯೂರಿಟಿ ಹತ್ತಿರವೇ ಬಿಟ್ಟು ಹೋಗಿ.