ಕೋಳಿಮರಿ ತೂಕಡಿಸಿದರೆ ನಿದ್ದೆಯೋ ರೋಗವೋ? ಮೊದಲು ಎಷ್ಟನೇ ವಾರ ಅಂತ ನೋಡಿ

ನಾಲ್ಕನೇ ವಾರದ ಮರಿಗಳು, ಹೊರಗೆ ಬಿಡದ ಮಳೆ, ದಿನವಿಡೀ ಬಲ್ಬಿನ ಕೆಳಗೆ ಮುದುಡಿ ತೂಕಡಿಸುತ್ತವೆ. ಇದು ನಿದ್ದೆಯೋ ರೋಗವೋ, ಮುನ್ನೆಚ್ಚರಿಕೆಗೆ ಯಾವ ಆಂಟಿಬಯಾಟಿಕ್ ಹಾಕಲಿ ಅಂತ ಕೇಳಿದ್ದೀರಿ. ಓದಿದ ಕೂಡಲೇ ಹೊಟ್ಟೆ ಕಲಸಿದ ಹಾಗಾಯಿತು. ಇದೇ ವಾರ, ಇದೇ ಮಳೆ, ಇದೇ ಬಲ್ಬು ನಮ್ಮ ಮನೆಯಲ್ಲೂ ಇತ್ತು.

ನಮ್ಮದು ಹೊಸನಗರದ ಕಡೆ. ಅತ್ತೆ ಮೊದಲಿಂದಲೂ ನಾಟಿ ಕೋಳಿ ಸಾಕಿದವರು. ಹೇಂಟೆ ಕಾವಿಗೆ ಕೂತು ಮರಿ ಮಾಡಿದರೆ ಬುಟ್ಟಿ ಕವುಚುವುದು, ಹಗಲು ಅಂಗಳಕ್ಕೆ ಬಿಡುವುದು, ಹದ್ದು ಬಂದರೆ ಕೂಗುವುದು, ಅಷ್ಟೇ ಅವರ ಕೋಳಿ ಸಾಕಣೆ. ನಾನು ಮಾತ್ರ ಒಂದು ದಿನದ ಗಿರಿರಾಜ ತಳಿಯ ಮರಿಗಳನ್ನು ತಂದು, ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬು ಇಳಿಬಿಟ್ಟು ಕೂತೆ. "ತಾಯಿ ಇಲ್ಲದ ಮರಿಗೆ ನೀನೇ ತಾಯಿ ಆಗ್ಬೇಕು, ನೋಡ್ಕೊ ಮಾರಾಯ್ತಿ" ಅಂದರು.

ಮೊದಲ ವಾರ ನಾನು ಎಲ್ಲದಕ್ಕೂ ಹೆದರಿದೆ. ತಿನ್ನುತ್ತಿದ್ದ ಮರಿ ತಟ್ಟೆಯಲ್ಲೇ ಮುಖ ಇಟ್ಟು ಮಲಗಿಬಿಡುತ್ತದೆ. ಇನ್ನೊಂದು ಕಾಲು ಹಿಂದಕ್ಕೆ ಚಾಚಿ, ಕತ್ತು ನೆಲಕ್ಕೆ ಹಾಕಿ, ಸತ್ತೇಹೋಯಿತು ಅನ್ನುವ ಹಾಗೆ ಬಿದ್ದಿರುತ್ತದೆ. ಮುಟ್ಟಿದರೆ ಚಂಗನೆ ಎದ್ದು ಓಡುತ್ತದೆ. ಹತ್ತಾರು ಹಿಕ್ಕೆಯ ನಡುವೆ ಒಂದು ಕಾಫಿ ಬಣ್ಣದ್ದು, ಅಂಟಂಟು, ಮೂಗು ಮುಚ್ಚುವಂಥ ನಾತ. ನಾನು ಭೇದಿ ಅಂದುಕೊಂಡೆ. ಅದು ಕರುಳಿನ ಕೊನೆಯ ಕುರುಡು ಚೀಲಗಳಿಂದ ಬರುವಂಥದ್ದು, ಪ್ರತಿ ಕೋಳಿಗೂ ಇರುತ್ತದೆ. ಎರಡನೇ ವಾರಕ್ಕೆ ಎದೆಗೆ ಎದೆ ಕೊಟ್ಟು ಹಾರಿ ಜಗಳ, ಆಮೇಲೆ ನೆಲಕ್ಕೆ ಹಾಸಿದ ಭತ್ತದ ಹೊಟ್ಟಿನಲ್ಲಿ ಮಗ್ಗುಲಾಗಿ ಬಿದ್ದು ಒದ್ದಾಟ. ಫಿಟ್ಸ್ ಬಂತು ಅಂತ ಕೂಗಿಕೊಂಡೆ. ಧೂಳಿನ ಸ್ನಾನವಂತೆ! ಅತ್ತೆ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಹೀಗೆ ಪ್ರತಿ ಸಲವೂ ಏನಿಲ್ಲ, ಮರಿಗಳು ಹಾಗೇ ಅನ್ನಿಸಿಕೊಂಡು ನನ್ನ ಕಣ್ಣು ಮೊಂಡಾಯಿತು. ನಾಲ್ಕನೇ ವಾರಕ್ಕೆ ಪುನರ್ವಸು ಮಳೆ ಕಚ್ಚಿಕೊಂಡಿತು. ಕರೆಂಟು ಹೋದರೆ ಹೋದಷ್ಟು ಹೊತ್ತು. ಮರಿಗಳು ಪುಕ್ಕ ಉಬ್ಬಿಸಿ, ರೆಕ್ಕೆ ಜೋಲಿಸಿ, ಕಣ್ಣು ಅರ್ಧ ಮುಚ್ಚಿ ಗುಂಪಾಗಿ ಕೂರತೊಡಗಿದವು. ಚಳಿ ಅಂದುಕೊಂಡೆ. ನಮ್ಮ ಕಡೆ ಆ ಮಳೆಗೆ ಮನುಷ್ಯರೇ ಒಲೆ ಬಿಟ್ಟು ಏಳುವುದಿಲ್ಲ, ಹಾಗಾಗಿ ಅಂದುಕೊಂಡದ್ದರಲ್ಲಿ ತಪ್ಪಿಲ್ಲ. ತಪ್ಪು ಅದರ ಮುಂದಿನ ಹೆಜ್ಜೆಯಲ್ಲಿತ್ತು. ಅದನ್ನು ಬಿಡಿಸಿ ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲೇ.

ಬಲ್ಬನ್ನು ಕೆಳಕ್ಕೆ ಇಳಿಸಿದೆ. ಪೆಟ್ಟಿಗೆಯ ಸುತ್ತ ಗೋಣಿಚೀಲ ಹೊದೆಸಿದೆ. ಒಳಗೆ ಕೈ ಇಟ್ಟರೆ ಹದವಾದ ಬಿಸಿ. ಆದರೂ ಮರಿಗಳು ಉಬ್ಬಿಕೊಂಡೇ ಕೂತಿದ್ದವು. ನಿಲ್ಲಬೇಕಾದದ್ದು ಅಲ್ಲಿ. ಚಳಿಯಾದ ಮರಿಗೆ ಶಾಖ ಸಿಕ್ಕರೆ ಸ್ವಲ್ಪ ಹೊತ್ತಿಗೆ ಪುಕ್ಕ ಇಳಿಸಿ, ಗುಂಪು ಬಿಟ್ಟು ಮೇವಿಗೆ ಬರುತ್ತದೆ. ಶಾಖ ಕೊಟ್ಟ ಮೇಲೂ ಉಬ್ಬಿ ಕೂತದ್ದು ಚಳಿಯಾದ ಮರಿ ಅಲ್ಲ. ಪರೀಕ್ಷೆ ಕೈಯಾರೆ ಮಾಡಿ, ಫಲಿತಾಂಶ ಕಣ್ಣೆದುರಿಗೆ ಬಂದರೂ ನಾನು ಓದಲಿಲ್ಲ. ಇನ್ನೂ ಚಳಿ ಇರಬೇಕು ಅಂತ ಇನ್ನೊಂದು ಗೋಣಿ ಹೊದೆಸಿದೆ. ಗಾಳಿ ಸರಿಯಾಗಿ ಆಡದೆ ಒಳಗಿನ ತೇವ ಆರದಾಯಿತು. ನೀರಿನ ತಟ್ಟೆ ಚೆಲ್ಲಿ ಹೊಟ್ಟು ಮೊದಲೇ ಒದ್ದೆಯಾಗಿತ್ತು, ಮಿಲ್ಲಿನಿಂದ ಹೊಸ ಹೊಟ್ಟು ತರಲು ಮಳೆ ಬಿಡಲಿ ಅಂತ ಕಾಯುತ್ತಿದ್ದೆ.

ಬಂದಿದ್ದದ್ದು ರಕ್ತಭೇದಿ, ಡಾಕ್ಟರ ಭಾಷೆಯಲ್ಲಿ ಕಾಕ್ಸಿಡಿಯೋಸಿಸ್. ಐಮೇರಿಯಾ ಅನ್ನುವ ಪರಾವಲಂಬಿ ಜೀವಿ ಕರುಳಿನ ಗೋಡೆಯನ್ನೇ ಹಾಳುಮಾಡುತ್ತದೆ. ಹಿಕ್ಕೆಯಲ್ಲಿ ಹೊರಬೀಳುವ ಅದರ ಬೀಜಕ್ಕೆ ತೇವ, ಬೆಚ್ಚಗಿನ ಜಾಗ, ಆಮ್ಲಜನಕ ಸಿಕ್ಕರೆ ಒಂದೆರಡು ದಿನದಲ್ಲಿ ಸೋಂಕು ಹರಡುವಷ್ಟು ಬಲಿಯುತ್ತದೆ. ನಾನು ಗೋಣಿ ಹೊದೆಸಿ ಮಾಡಿಕೊಟ್ಟದ್ದು ಅದಕ್ಕೆ ಹೇಳಿಮಾಡಿಸಿದ ಬಾಣಂತಿ ಕೋಣೆ. ಮರಿ ಅದೇ ಹೊಟ್ಟನ್ನು ಕೆದಕಿ ತಿನ್ನುತ್ತದೆ, ಐದಾರು ದಿನಕ್ಕೆ ಹಿಕ್ಕೆಯಲ್ಲಿ ರಕ್ತ. ನನಗೂ ಕೆಂಪು ಕಂಡಿತ್ತು. "ಉಷ್ಣ ಆಗಿರತ್ತೆ, ಮಜ್ಜಿಗೆ ಕೊಡಿ" ಅಂದರು ಯಾರೋ. ಅಂಗಡಿಯಿಂದ ಒಂದು ಆಂಟಿಬಯಾಟಿಕ್ ಪುಡಿ ತಂದು ನೀರಿಗೂ ಹಾಕಿದೆ. ಅದು ಬ್ಯಾಕ್ಟೀರಿಯಾಕ್ಕೆ, ಇದು ಬ್ಯಾಕ್ಟೀರಿಯಾವೇ ಅಲ್ಲ. ಅರ್ಧಕ್ಕಿಂತ ಹೆಚ್ಚು ಮರಿ ಹೋದ ಮೇಲೆ ಸತ್ತದ್ದೊಂದನ್ನು ಚೀಲದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಕೊಯ್ದು ತೋರಿಸಿದರು, ಕುರುಡು ಚೀಲಗಳ ತುಂಬ ಹೆಪ್ಪುಗಟ್ಟಿದ ರಕ್ತ. ಅವರು ಬರೆದುಕೊಟ್ಟ ಆಂಪ್ರೋಲಿಯಂ ಅನ್ನುವ ಔಷಧಿಯನ್ನು ನೀರಿಗೆ ಹಾಕಿದ ಮೇಲೆ ಉಳಿದವು ಉಳಿದವು.

ಅತ್ತೆಯ ಹೇಂಟೆ ಮರಿಗಳು ಅದೇ ಮಳೆಯಲ್ಲಿ ಕೊಟ್ಟಿಗೆಯಲ್ಲಿ ಓಡಾಡಿಕೊಂಡಿದ್ದವು. ಅವಕ್ಕೆ ಆ ಬೀಜ ಸಿಗುವುದಿಲ್ಲ ಅಂತಲ್ಲ. ಹಾಸು ಒಂದೇ ಕಡೆ ಕೊಳೆಯದೆ, ದಿನಾ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋಗಿ ಮೈ ಒಗ್ಗಿಕೊಳ್ಳುತ್ತದೆ. ಪೆಟ್ಟಿಗೆ ಮರಿಗೆ ಒಮ್ಮೆಗೇ ರಾಶಿ ಹೋಗುತ್ತದೆ.

ಹಾಗಾಗಿ ಯಾವ ಆಂಟಿಬಯಾಟಿಕ್ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ರೋಗಕ್ಕೆ ಅಂತ ಗೊತ್ತಿಲ್ಲದೆ ಔಷಧಿ ಹಾಕುವುದು ಮುನ್ನೆಚ್ಚರಿಕೆ ಅಲ್ಲ. ಮರಿ ತೂಕಡಿಸುವುದು ಸಹಜವೋ ಅನ್ನುವುದಕ್ಕೂ ಒಂದೇ ಉತ್ತರ ಇಲ್ಲ. ಮೊದಲ ವಾರ ಮರಿಗೆ 35 ಡಿಗ್ರಿ ಸೆಲ್ಸಿಯಸ್ ಆಸುಪಾಸು ಶಾಖ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತ ಹೋಗಬೇಕು. ಆ ವಾರ ಬಲ್ಬಿನಡಿ ಒತ್ತಿಕೊಂಡು ಚೀಂವ್‌ಗುಟ್ಟಿದರೆ ಚಳಿ; ದೂರ ಹೋಗಿ ರೆಕ್ಕೆ ಅಗಲಿಸಿ ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ; ಪೆಟ್ಟಿಗೆ ತುಂಬ ಹರಡಿಕೊಂಡಿದ್ದರೆ ಸರಿಯಾಗಿದೆ. ನಾಲ್ಕನೇ ವಾರದಲ್ಲಿ, ಪುಕ್ಕ ಬಂದ ಮೇಲೆ, ಬೆಚ್ಚಗಿದ್ದೂ ಸದ್ದಿಲ್ಲದೆ ಉಬ್ಬಿ ಕೂತರೆ ಅದು ಬೇರೆಯೇ ಮಾತು. ಗದ್ದಲಕ್ಕೆ ಹೆದರಬೇಡಿ. ಮೌನಕ್ಕೆ ಹೆದರಿ.

ಈಗಲೇ ಮೇವಿನ ತಟ್ಟೆಯನ್ನು ಬೆರಳಲ್ಲಿ ಕುಟ್ಟಿ. ಚೆನ್ನಾಗಿರುವ ಮರಿ ಎಷ್ಟೇ ಗಾಢ ನಿದ್ದೆಯಲ್ಲಿದ್ದರೂ ಎದ್ದು ಬರುತ್ತದೆ. ಬಾರದ್ದನ್ನು ಕೈಗೆ ಎತ್ತಿಕೊಳ್ಳಿ. ಸಂಜೆ ಹೊತ್ತಿಗೆ ಕೊರಳ ಬುಡದ ಮೇವಿನ ಚೀಲ ತುಂಬಿರಬೇಕು. ಖಾಲಿ ಇದ್ದು, ಎದೆಮೂಳೆ ಚೂಪಾಗಿ ಕೈಗೆ ಚುಚ್ಚಿದರೆ ಅದು ಕೆಲವು ದಿನದಿಂದ ಸರಿಯಾಗಿ ತಿಂದಿಲ್ಲ. ಹಿಂಭಾಗ ನೋಡಿ. ಸಣ್ಣ ಮರಿಗೆ ಹಿಕ್ಕೆ ಅಂಟಿ ದ್ವಾರ ಮುಚ್ಚಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಬಿಡಿಸಿ, ಎಳೆಯಬೇಡಿ. ಹಿಕ್ಕೆಯಲ್ಲಿ ಚೂರು ಕಿತ್ತಳೆ ಬಣ್ಣದ ಎಳೆ ಆಗೊಮ್ಮೆ ಈಗೊಮ್ಮೆ ಕಂಡರೆ ಕರುಳಿನ ಪೊರೆ ಕಳಚಿದ್ದು, ಚಿಂತೆ ಇಲ್ಲ. ಹಸಿ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬಾರದು. ಕತ್ತು ತಿರುಚಿಕೊಂಡು, ಹಸಿರು ಭೇದಿ, ಉಸಿರಿಗೆ ಒದ್ದಾಟ ಇದ್ದರೆ ಕೊಕ್ಕರೆ ರೋಗದ (ರಾಣಿಖೇತ್) ಅನುಮಾನ. ಅದಕ್ಕೆ ಮದ್ದಿಲ್ಲ, ಮೊದಲ ವಾರದ ಲಸೋಟ ಲಸಿಕೆಯೇ ಗತಿ. ಲಸಿಕೆ ಬಾಟಲಿ ನೂರು ಡೋಸಿನ ಲೆಕ್ಕದಲ್ಲಿ ಬರುವುದರಿಂದ ಅಕ್ಕಪಕ್ಕದ ಮನೆಯವರು ಸೇರಿ ಒಟ್ಟಿಗೆ ಹಾಕಿಸುವುದೇ ಜಾಣತನ.

ನಿಮ್ಮ ವಿಷಯಕ್ಕೆ ಬಂದರೆ, ವಯಸ್ಸು, ಮಳೆ, ಬಲ್ಬು ಮೂರೂ ಸೇರಿದ್ದರಿಂದ ನನ್ನ ಅನುಮಾನ ರಕ್ತಭೇದಿಯ ಮೇಲೇ. ಮಂಕಾದವನ್ನು ಬೇರೆ ಮಾಡಿ. ಒದ್ದೆ ಹೊಟ್ಟು ಪೂರ್ತಿ ಎತ್ತಿ ಮನೆಯಿಂದ ದೂರ ಹಾಕಿ, ಒಣಗಿದ್ದು ಹಾಸಿ. ಹೊಟ್ಟು ಸಿಗದಿದ್ದರೆ ಮರದ ಪುಡಿಯೂ ಆದೀತು. ನೀರಿನ ತಟ್ಟೆಯನ್ನು ಇಟ್ಟಿಗೆಯ ಮೇಲೆ ಇಡಿ. ಮೇಲಿನಿಂದ ಗಾಳಿ ಆಡಲಿ. ರಕ್ತ ಕಾಣದಿದ್ದರೂ ನಾಳೆ ಬೆಳಿಗ್ಗೆ ಹಿಕ್ಕೆಯನ್ನೋ, ಸತ್ತ ಮರಿ ಇದ್ದರೆ ಹೂಳದೆ ಅದನ್ನೋ ತಗೊಂಡು ತಾಲ್ಲೂಕು ಪಶು ಆಸ್ಪತ್ರೆಗೆ ಹೋಗಿ. ಶಿವಮೊಗ್ಗ ಹತ್ತಿರ ಆದರೆ ಪಶುವೈದ್ಯಕೀಯ ಕಾಲೇಜೇ ಇದೆ. ಆಂಪ್ರೋಲಿಯಂ ಕೊಟ್ಟರೆ ಅದರ ಜೊತೆ ಅಂಗಡಿಯವರು ಕೊಡುವ ಬಿ ಕಾಂಪ್ಲೆಕ್ಸ್ ಟಾನಿಕ್ ಹಾಕಬೇಡಿ. ಆ ಔಷಧಿ ಕೆಲಸ ಮಾಡುವುದೇ ಪರಾವಲಂಬಿಗೆ ಬಿ1 ವಿಟಮಿನ್ ಸಿಗದ ಹಾಗೆ ತಡೆದು. ಕೋರ್ಸು ಮುಗಿದ ಮೇಲೆ ಟಾನಿಕ್ ಕೊಡಬಹುದು.