ಓದುಗರ ಪ್ರಶ್ನೆ: ಗರಸು ನೆಲದಲ್ಲಿ ಹುಲ್ಲು, ಮರ ಮತ್ತು ಕುರಿ

ಪ್ರಶ್ನೆ: ನಮ್ಮದು ನಾಲ್ಕು ಎಕರೆ ಗರಸು, ಅಂದರೆ ಹರಳುಕಲ್ಲಿನ ನೆಲ. ವರ್ಷಾನುಗಟ್ಟಲೆ ಶೇಂಗಾ ಬಿತ್ತಿ ಮೇಲ್ಮಣ್ಣು ಕೊಚ್ಚಿಹೋಗಿ, ಈಗ ಬೀಳು ಬಿಟ್ಟಿದ್ದೇವೆ. ಮೂವತ್ತು ಕುರಿಗಳಿವೆ. ಹೋದ ವರ್ಷ ನೆಟ್ಟ ಹೊಂಗೆ ಒಣಗಿತು, ಬೇವನ್ನು ಮೇಕೆಗಳು ತಿಂದವು. ಮರದ ಜೊತೆ ಹುಲ್ಲನ್ನೂ ಬೆಳೆಸಬಹುದೇ? ನೆರಳಿಗೆ ಹುಲ್ಲು ಸಾಯುವುದಿಲ್ಲವೇ?
— ಓದುಗರೊಬ್ಬರು, ಚಳ್ಳಕೆರೆ ತಾಲ್ಲೂಕು

ಉತ್ತರ: ಬೆಳೆಸಬಹುದು. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ ಬೀಳುವ ನಿಮ್ಮ ಸೀಮೆಯಲ್ಲಿ ಮರ ದಟ್ಟ ನೆರಳು ಕೊಡಲು ಹಲವು ವರ್ಷ ಬೇಕು. ಕೊಟ್ಟಾಗ ಬೇಸಿಗೆಯಲ್ಲಿ ಕೊಂಬೆ ಸವರಿದರೆ ಕುರಿಗೆ ಸೊಪ್ಪು, ಹುಲ್ಲಿಗೆ ಬಿಸಿಲು ಎರಡೂ ಸಿಗುತ್ತವೆ. ನೀವು ಮೊದಲು ಯೋಚಿಸಬೇಕಾದದ್ದು, ಹೊಲಕ್ಕೆ ಬೇಲಿ ಹಾಕಿದ ಮೇಲೆ ಆ ಮೂವತ್ತು ಕುರಿಗಳನ್ನು ಎಲ್ಲಿ ಮೇಯಿಸುತ್ತೀರಿ ಎಂಬುದನ್ನು. ಹಾಗಾಗಿ ನಾಲ್ಕೂ ಎಕರೆಗೆ ಒಮ್ಮೆಲೇ ಕೈಹಾಕದೆ, ಇಳಿಜಾರಿನ ಮೇಲ್ಭಾಗದ ಎರಡು ಎಕರೆಗೆ ಮಾತ್ರ ಮುಳ್ಳುಬೇಲಿ ಕಟ್ಟಿ, ಅದರ ಹೊರಗೆ ಕತ್ತಾಳೆ ನೆಡಿ.

ಜೋರು ಮಳೆ ಬಂದ ಮರುದಿನ ಹೊಲಕ್ಕೆ ಹೋಗಿ ನೋಡಿ. ಎಲ್ಲೆಡೆ ಬರೀ ಹರಳುಕಲ್ಲು ಎದ್ದು ಕಾಣುತ್ತಿದ್ದರೂ, ಅಲ್ಲಲ್ಲಿ ಉಳಿದ ಕರಡದ ಹುಲ್ಲಿನ ಬುಡಕ್ಕೆ ಮೇಲ್ಮಗ್ಗುಲಲ್ಲಿ ಒಂದು ಹಿಡಿ ನಯವಾದ ಮಣ್ಣು ನಿಂತಿರುತ್ತದೆ. ಮಣ್ಣು ಹಿಡಿಯುವ ಈ ಕೆಲಸವನ್ನೇ ಹೊಲದ ತುಂಬ ಮಾಡಿಸಬೇಕು. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಬದುವಿನ ಮೇಲೆ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ನೆಡಿ. ಅದರ ಸೊಪ್ಪಿನ ವಾಸನೆಗೆ ಕುರಿಗಳು ಮೊದಮೊದಲು ಮೂತಿ ತಿರುಗಿಸಿದರೂ, ಬಾಡಿಸಿ ಕೊಟ್ಟರೆ ರೂಢಿಯಾಗುತ್ತದೆ. ನಡುವೆ ಕಮರ ಮತ್ತು ಕರಿಜಾಲಿಯನ್ನು ಸಾಲಿನಿಂದ ಸಾಲಿಗೆ 8 ಮೀಟರ್, ಗಿಡದಿಂದ ಗಿಡಕ್ಕೆ 4 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 125 ಗಿಡಗಳಾಗುತ್ತವೆ. ಕಮರ ನಿಧಾನದ ಮರ; ಆದರೆ ಬೇರು ಆಳಕ್ಕಿಳಿದ ಮೇಲೆ ಬರಕ್ಕೆ ಬಗ್ಗುವುದಿಲ್ಲ. ಸುಬಾಬುಲ್ ಎಂಬ ಮೇವಿನ ಮರ ಬೇಗ ಬೆಳೆಯುತ್ತದೆಂದು ಯಾರಾದರೂ ಹೇಳಿದರೆ ತುಸು ತಡೆಯಿರಿ: ಅದರ ಬೀಜ ಸಿಡಿದು ಹೊಲವೆಲ್ಲ ಹಬ್ಬುತ್ತದೆ, ಸೊಪ್ಪಿನಲ್ಲಿರುವ ಮೈಮೋಸಿನ್ ಎಂಬ ವಿಷಾಂಶದಿಂದಾಗಿ ಅದನ್ನೊಂದನ್ನೇ ಹೊಟ್ಟೆತುಂಬ ತಿನ್ನಿಸುವಂತಿಲ್ಲ.

ಸಾಲುಗಳ ನಡುವೆ ಅಂಜನ್ ಹುಲ್ಲು ಮತ್ತು ಸ್ಟೈಲೋ ಬಿತ್ತಿ. ಸ್ಟೈಲೋ ದ್ವಿದಳ ಜಾತಿಯ ಮೇವಿನ ಗಿಡ. ನೆಲಕ್ಕೆ ಸಾರಜನಕ ಸೇರಿಸುತ್ತದೆ. ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ಅದ್ದಿ, ತೆಗೆದು, ನೆರಳಲ್ಲಿ ಆರಿಸಬೇಕು, ನೀರು ಕುದಿಯುತ್ತಿರಬಾರದು. ಎಕರೆಗೆ ಎರಡೂವರೆ ಕಿಲೋ ಸ್ಟೈಲೋ ಬೀಜ ಸಾಕು. ಅಂಜನ್ ಬೀಜ ಹತ್ತಿಯ ಹಿಂಜಿನಂತೆ ಹಗುರ, ಗಾಳಿಗೆ ಹಾರಿ ಕೈಗೇ ಅಂಟಿಕೊಳ್ಳುತ್ತದೆ. ಆದ್ದರಿಂದ ಅದನ್ನು ಹಸಿ ಮಣ್ಣಿನಲ್ಲಿ ಕಲಸಿ ಚೆಲ್ಲಿ, ಮುಳ್ಳುಕೊಂಪೆ ಎಳೆದರೆ ಸಾಕು; ಆಳಕ್ಕೆ ಹೋದರೆ ಮೊಳೆಯುವುದಿಲ್ಲ. ರೊಪ್ಪದ ಗೊಬ್ಬರವನ್ನು ಈ ಬಾರಿ ಮಾರದೆ ಇಲ್ಲಿಗೇ ಹೊಡೆಯಿರಿ.

ಮೊದಲ ವರ್ಷ ಸ್ಟೈಲೋ ತೆಳ್ಳಗಿರುತ್ತದೆಂದು ಕಿತ್ತುಹಾಕಬೇಡಿ. ಎರಡನೆಯ ವರ್ಷ ಬೀಜ ಉದುರುವವರೆಗೆ ಬಿಟ್ಟು, ಆಮೇಲೆ ಕೊಯ್ದು ರೊಪ್ಪಕ್ಕೆ ಒಯ್ದು ಹಾಕಿ. ನೆಟ್ಟ ಮರದ ಗಿಡಗಳ ತುದಿ ಕುರಿಯ ಬಾಯಿಗೆ ನಿಲುಕದಷ್ಟು ಎತ್ತರವಾದ ಮೇಲಷ್ಟೇ ಕುರಿಗಳನ್ನು ಒಳಗೆ ಬಿಡಿ. ಮೇಕೆ ಹಿಂಗಾಲಲ್ಲಿ ನಿಂತು ಮೇಯುವುದರಿಂದ ಅದನ್ನು ಇನ್ನೂ ಎರಡು ವರ್ಷ ಹೊರಗಿಡುವುದು ಒಳ್ಳೆಯದು.

ಪ್ರಶ್ನೆ: ಬೀಳು ಹೊಲದಲ್ಲಿ ಬಳ್ಳಾರಿ ಜಾಲಿ ತುಂಬಿದೆ, ಕಡಿದಷ್ಟೂ ಚಿಗುರುತ್ತದೆ. ಏನು ಮಾಡಬೇಕು?
— ಓದುಗರೊಬ್ಬರು, ಜಗಳೂರು

ಉತ್ತರ: ನೆಲದ ಮೇಲೆ ಕಡಿದರೆ ಚಿಗುರದೆ ಇರದು. ಮಳೆಗೆ ನೆಲ ಮೆತ್ತಗಾದಾಗ ಬುಡವನ್ನು ಬೇರುಸಮೇತ ಅಗೆದು ತೆಗೆದು, ಆ ಗುಂಡಿಯಲ್ಲೇ ಹುಲ್ಲು ಬಿತ್ತಿ. ಇಡೀ ಕಾಯಿ ತಿಂದ ಕುರಿಗಳ ಹಿಕ್ಕೆಯಲ್ಲಿ ಬೀಜ ಜೀವಂತವಾಗಿಯೇ ಹೊರಬರುವುದರಿಂದ, ಕಾಯಿಯನ್ನು ಮೇವಿಗೆ ಬಳಸುವುದಾದರೆ ಒಣಗಿಸಿ, ಬೀಜ ಸಹಿತ ಪುಡಿ ಮಾಡಿಸಿಯೇ ಕೊಡಿ.